ಭೋಜದ ಮಾವಶಿಯ ನಂಬರು

ಮಾವಶಿಯ ಹೆಬ್ಬೆರಳನ್ನು ಯಾವ ಯಂತ್ರವೂ ಗುರುತು ಹಿಡಿಯುತ್ತಿರಲಿಲ್ಲ. ಮೂವತ್ತೈದು ವರ್ಷ ಕಬ್ಬಿನ ರವದಿ, ಅಂದರೆ ಒಣ ಎಲೆ, ಸುಲಿದೂ ಸುಲಿದೂ ಬೆರಳ ತುದಿಯ ಗೆರೆಗಳು ಅಳಿಸಿಹೋಗಿದ್ದವು. ನುಣ್ಣಗೆ ಹೊಳೆಯುವ ಆ ಚರ್ಮದ ಮೇಲೆ ಒಣಗಿದ ಎಲೆಯಂಚು ಕೊಯ್ದ ಬಿಳಿ ಗೀರುಗಳು ಮಾತ್ರ ಉಳಿದಿದ್ದವು. ರೇಶನ್ ಅಂಗಡಿಯವನು ಮೂರು ಸಲ ಹೆಬ್ಬೆಟ್ಟು ಒತ್ತಿಸಿ, ಸೆರಗಿಗೆ ಒರೆಸಿಕೊಳ್ಳಿ ಎಂದು ನಾಲ್ಕನೆಯ ಸಲ ಒತ್ತಿಸಿ, ಕೊನೆಗೆ ತಾನೇ ಸೋತು ಕೂರುತ್ತಿದ್ದನಂತೆ. ಮೊಬೈಲಿನ ಗಾಜಿಗೂ ಆ ಬೆರಳು ಒಗ್ಗಿರಲಿಲ್ಲ. ಅದಕ್ಕೇ ಅವರು ಎಡಗೈಯ ಉಳಿದ ಬೆರಳುಗಳನ್ನು ಮಡಚಿ, ಕಿರುಬೆರಳೊಂದನ್ನೇ ನೆಟ್ಟಗೆ ಚಾಚಿ ಮೊಬೈಲು ತೆರೆಯುತ್ತಿದ್ದರು. ನೋಡಿದವರಿಗೆ ನಗು ಬರುತ್ತಿತ್ತು. ಅವರಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ.

ನಾನು ಚಿಕ್ಕೋಡಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೌಂಟರಿನ ಕೆಲಸದವಳು. ಸೋನೋಗ್ರಾಫಿ, ಎಕ್ಸ್‌ರೇ, ಸಿಟಿ ಸ್ಕ್ಯಾನ್ ಮಾಡಿಸಲು ಬಂದವರ ಹೆಸರು, ವಯಸ್ಸು, ಊರು, ಮೊಬೈಲ್ ನಂಬರು ಕೇಳಿ ಕಂಪ್ಯೂಟರಿಗೆ ಹಾಕುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ದೊಡ್ಡ ಲಕೋಟೆಯಲ್ಲಿ ಫಿಲ್ಮು ಹಾಕಿ ಕೈಗೆ ಕೊಡುತ್ತಿದ್ದೆವು. ಈಗ ಸಂಜೆಯೊಳಗೆ ಆ ನಂಬರಿಗೆ ಒಂದು ಮೆಸೇಜು ಹೋಗುತ್ತದೆ. ಅದರಲ್ಲಿನ ಲಿಂಕು ಒತ್ತಿದರೆ ಓಟಿಪಿ ಬರುತ್ತದೆ, ಓಟಿಪಿ ಹಾಕಿದರೆ ರಿಪೋರ್ಟೂ ಚಿತ್ರಗಳೂ ಮೊಬೈಲಿನಲ್ಲೇ ತೆರೆದುಕೊಳ್ಳುತ್ತವೆ. ಕಾಗದ ಬೇಕೆಂದವರಿಗೆ ಮಾತ್ರ ಕಾಗದ. ಎಲ್ಲರಿಗೂ ಅನುಕೂಲವಾಯಿತು. ಮೆಸೇಜು ಹೋಗುವುದು ಯಾರ ನಂಬರಿಗೆ ಎಂಬುದನ್ನು ನಾನು ಆಗ ಯೋಚಿಸಿದವಳಲ್ಲ.

ಮಾವಶಿ ನಿಪ್ಪಾಣಿ ತಾಲೂಕಿನ ಭೋಜದವರು. ನಮ್ಮ ಗಡಿಸೀಮೆಯಲ್ಲಿ ಅವ್ವನ ವಯಸ್ಸಿನ ಹೆಂಗಸರನ್ನೆಲ್ಲ ಮಾವಶಿ ಎಂದೇ ಕರೆಯುವುದು. ಆದರೆ ಮೊದಲ ದಿನ ನಾನು ಹಾಗೆ ಕೂಡ ಕರೆದಿರಲಿಲ್ಲ. ಹೊಲದ ಕೆಲಸದ ಸೀರೆ, ಸೊಂಟದಲ್ಲಿ ಎಲೆ ಅಡಿಕೆಯ ಚಂಚಿ, ಕಾಲಲ್ಲಿ ಸವೆದ ರಬ್ಬರ್ ಚಪ್ಪಲಿ. "ಬಾ ಇಲ್ಲೆ, ಹೆಸರ ಹೇಳು" ಎಂದೆ. ನಮ್ಮದು ಬೇಡಕಿಹಾಳದ ಕಡೆ ಕಬ್ಬಿನ ಹೊಲ ಇರುವ ಮನೆತನ. ಅಂಥ ಸೀರೆಯವರನ್ನು ಏಕವಚನದಲ್ಲಿ ಕರೆಯುವುದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ, ಅದು ಹಾಗೇ ಬಾಯಿಗೆ ಬರುತ್ತಿತ್ತು.

ಅವರ ಎಡ ಎದೆಯಲ್ಲಿ ಸಣ್ಣದೊಂದು ಗಂಟು ಕೈಗೆ ಹತ್ತಿತ್ತು. ಊರಿನ ಡಾಕ್ಟರು ಸೋನೋಗ್ರಾಫಿಗೆ ಬರೆದುಕೊಟ್ಟಿದ್ದರು. ಜೊತೆಗೆ ಮಗ ಬಂದಿದ್ದ, ಉಗಾರ ಖುರ್ದದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಇದ್ದ ಒಬ್ಬ ಮಗ ಅವನೇ. ನಾನು ಹೆಸರು, ವಯಸ್ಸು ಬರೆದುಕೊಂಡೆ. ಮೊಬೈಲ್ ನಂಬರ್ ಎಂದು ಕೇಳಿದೆ. ಕೇಳುವಾಗ ನನ್ನ ಕಣ್ಣು ಮಗನ ಮೇಲಿತ್ತು. ಅವನು ತನ್ನದನ್ನು ಹೇಳಿದ, ನಾನು ಕಂಪ್ಯೂಟರಿಗೆ ಹೊಡೆದೆ.

ಸಂಜೆ ಮೆಸೇಜು ಅವನಿಗೆ ಹೋಯಿತು. ಮುಂದೆ ನಡೆದದ್ದನ್ನು ಅವನೇ ಎಷ್ಟೋ ದಿನದ ಮೇಲೆ ನನಗೆ ಹೇಳಿದ. ಕಾರ್ಖಾನೆಯ ಮುಂದಿನ ಟ್ರ್ಯಾಕ್ಟರ್ ಸಾಲಿನಲ್ಲಿ ಕೂತು ರಿಪೋರ್ಟು ತೆರೆದಿದ್ದ. ಇಂಗ್ಲಿಷಿನಲ್ಲಿತ್ತು. ಪರಿಚಯದ ಔಷಧಿ ಅಂಗಡಿಯವನಿಗೆ ಕಳಿಸಿದ. ಅವನು ಫೋನು ಮಾಡಿ, ಆದಷ್ಟು ಬೇಗ ದೊಡ್ಡ ಆಸ್ಪತ್ರೆಗೆ ಒಯ್ದು ಗಂಟಿನ ತುಣುಕು ತೆಗೆಸಿ ತಪಾಸಣೆ ಮಾಡಿಸಲು ಬರೆದಿದ್ದಾರೆ ಎಂದ. ಮಾವಶಿಯ ಅಕ್ಕ ಇಂಥದೇ ಗಂಟಿನ ಕ್ಯಾನ್ಸರಿನಿಂದ ಹೋಗಿದ್ದರು. ರೋಗದ ಹೆಸರು ಕೇಳಿದ ದಿನದಿಂದ ಊಟ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿ, ಮೂರೇ ತಿಂಗಳಿಗೆ ಹೋದರು ಎಂಬುದು ಮನೆಯವರ ನಂಬಿಕೆ. ಅವ್ವನೂ ಹಾಗೇ ಮಾಡಿದರೆ ಎಂದು ಮಗ ಹೆದರಿದ. ಕಬ್ಬಿನ ಹಂಗಾಮು ಮುಗಿಯಲಿ, ತಾನೇ ಏನಾದರೂ ನೆಪ ಹೇಳಿ ಮಿರಜಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರಾಯಿತು ಎಂದುಕೊಂಡ. ಮನೆಗೆ ಬಂದು, ಕೊಬ್ಬಿನ ಗಂಟಂತ ಅವ್ವಾ, ಗುಳಿಗೆಗೆ ಕರಗುತ್ತದಂತೆ ಎಂದ. ಔಷಧಿ ಅಂಗಡಿಯಿಂದ ಶಕ್ತಿಯ ಗುಳಿಗೆ ತಂದುಕೊಟ್ಟ. ಮಾವಶಿ ನಂಬಿದರು. ಮಗನನ್ನು ನಂಬದಿರಲು ಅವರಿಗೆ ಕಾರಣವೇ ಇರಲಿಲ್ಲ.

ನಾಲ್ಕು ತಿಂಗಳ ಮೇಲೆ ಅವರು ಒಬ್ಬರೇ ಬಸ್ಸಿನಲ್ಲಿ ಬಂದರು. ಗಂಟು ಕರಗಿರಲಿಲ್ಲ. ಹಿಂದೆ ಮಾಡಿಸಿದ್ದರ ಕಾಗದ ಬೇಕು, ಬೇರೆ ಡಾಕ್ಟರಿಗೆ ತೋರಿಸಬೇಕು ಎಂದರು. ನಾನು ಕಂಪ್ಯೂಟರಿನಲ್ಲಿ ಹುಡುಕಿ ತೆಗೆದೆ. ಕೊನೆಯ ಸಾಲು ಕಣ್ಣಿಗೆ ಬಿತ್ತು.

"ಮಿರಜಿಗೆ ಹೋಗಿದ್ದಿ ಏನ? ತಪಾಸಣಿ ಮಾಡಿಸಿದಿ?" ಎಂದು ಕೇಳಿದೆ.

"ಎದಕ?" ಎಂದರು.

ಅವರ ಮುಖದಲ್ಲಿ ಕುತೂಹಲ ಬಿಟ್ಟರೆ ಬೇರೇನೂ ಇರಲಿಲ್ಲ. ರಿಪೋರ್ಟಿನ ಅರ್ಥ ಹೇಳುವುದು ಕೌಂಟರಿನವರ ಕೆಲಸವಲ್ಲ, ಹೇಳಲೂ ಬಾರದು. ಅವರನ್ನು ಬೆಂಚಿನ ಮೇಲೆ ಕೂರಿಸಿ ನಾನು ಒಳಗೆ ನಮ್ಮ ಡಾಕ್ಟರಬಾಯಿಯ ಹತ್ತಿರ ಓಡಿದೆ. ಆಕೆ ಉಳಿದವರನ್ನು ಕಾಯಲು ಹೇಳಿ, ಮಾವಶಿಯನ್ನು ಒಳಗೆ ಕರೆಸಿ, ಮತ್ತೊಮ್ಮೆ ಸ್ಕ್ಯಾನ್ ಮಾಡಿದರು. ಆಮೇಲೆ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪರದೆಯ ಮೇಲೆ ಅಕ್ಕಪಕ್ಕ ತೆರೆದರು. ಇದು ಒಳ್ಳೆಯ ಗಂಟಿನಂತೆ ಕಾಣುವುದಿಲ್ಲ, ಕ್ಯಾನ್ಸರ್ ಇರಬಹುದು, ತುಣುಕು ತೆಗೆದು ನೋಡಿದ ಮೇಲೇ ಖಾತ್ರಿ, ಇದ್ದರೂ ಇದಕ್ಕೆ ಉಪಚಾರ ಇದೆ ಎಂದು ಒಂದೊಂದೇ ಮಾತು ನಿಧಾನವಾಗಿ ಹೇಳಿದರು.

ಮಾವಶಿ ಗೋಡೆಯ ಕಡೆ ಮುಖ ಮಾಡಲಿಲ್ಲ. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಬೂದಿ ಬಣ್ಣದ ನಡುವೆ ಕಪ್ಪು ಮಚ್ಚೆ. ಎಡಗಡೆಯದನ್ನು ನೋಡಿದರು, ಬಲಗಡೆಯದನ್ನು ನೋಡಿದರು.

"ಇದು ಅವತ್ತಿಂದು, ಇದು ಇವತ್ತಿಂದು. ಹೌದಲ್ರಿ?"

ಡಾಕ್ಟರಬಾಯಿ ಹೌದೆಂದರು.

"ಕಡಲಿಕಾಳ ಇದ್ದದ್ದು ಹುಣಸಿಬೀಜ ಆಗೇತಿ."

ಆಮೇಲೆ, ಅವತ್ತೇ ಇದು ಯಾರಿಗಾದರೂ ಗೊತ್ತಿತ್ತೇ ಎಂದು ಕೇಳಿದರು. ನಾನೇ ಹೇಳಬೇಕಾಯಿತು, ಮೆಸೇಜು ಮಗನ ನಂಬರಿಗೆ ಹೋಗಿತ್ತು ಎಂದು. ಡಾಕ್ಟರಬಾಯಿಗೆ ಸಿಟ್ಟು ಬಂತು. ಪೇಶಂಟಿನ ನಂಬರು ಬಿಟ್ಟು ಬೇರೆಯವರದನ್ನು ಬರೆದುಕೊಂಡವರು ಯಾರು ಎಂದು ಕೇಳಿದರು. ಆಗ ಕೌಂಟರಿನಲ್ಲಿ ನಾವು ಇಬ್ಬರು ಇದ್ದೆವು. ನಾನು ಬಾಯಿ ತೆರೆಯುವ ಮೊದಲೇ ಮಾವಶಿ ಹೇಳಿದರು, "ನೆನಪಿಲ್ರಿ."

ಹೊರಗೆ ಬಂದ ಮೇಲೆ ಅವರು ಕೌಂಟರಿನ ಅಂಚಿಗೆ ಎರಡೂ ಕೈ ಇಟ್ಟು ನಿಂತರು. ದನಿ ಏರಿಸಲಿಲ್ಲ. ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು.

"ನಾ ನನ್ನ ನಂಬರ ಹೇಳಾಕತ್ತಿದ್ನೆಲ್ಲ ಪೋರಿ. ನಾಕ ಅಂಕಿ ಹೇಳಿದ್ದೆ. ನೀ ಆ ಕಡೆ ಮಾರಿ ಹೊಳ್ಳಿಸಿದಿ."

ಪೋರಿ ಎಂದರೆ ಹುಡುಗಿ, ಮನೆಯ ಹೆಣ್ಣುಮಕ್ಕಳನ್ನು ಕರೆಯುವ ಮಾತು. ಬೈದಿದ್ದರೆ ಎದುರುತ್ತರ ಹುಡುಕುತ್ತಿದ್ದೆನೋ ಏನೋ. ಅವರು ಚಂಚಿಯಿಂದ ಮೊಬೈಲು ತೆಗೆದು ಅಲ್ಲೇ ಬೆಂಚಿನ ಮೇಲೆ ಕೂತು ಮಗನಿಗೆ ಫೋನು ಹಚ್ಚಿದರು.

"ನಾ ಚಿಕ್ಕೋಡ್ಯಾಗ ಸ್ಕ್ಯಾನಿಂಗ್‌ಗೆ ಬಂದೀನಿ. ಎರಡೂ ಫೋಟೋ ನೋಡೀನಿ. ಟ್ರ್ಯಾಕ್ಟರ್ ಬಾಜೂಕ ಹಚ್ಚಿ ಬಾ. ಬೈಯಾಂಗಿಲ್ಲ, ಬಾ."

ಅವನು ಯಾರದೋ ಮೋಟಾರುಸೈಕಲ್ಲಿನಲ್ಲಿ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆಯೇ ಕೂತು ಮುಖ ಮುಚ್ಚಿಕೊಂಡ. ಮಾವಶಿ ಹೋಗಿ ಪಕ್ಕದಲ್ಲಿ ಕೂತರು. ನಿನ್ನ ದೊಡ್ಡವ್ವ ಅಂಜಿ ಸತ್ತಳೋ ರೋಗದಿಂದ ಸತ್ತಳೋ ನಿನಗೆ ಗೊತ್ತೇನು, ಅವಳಿಗೆ ಉಪಚಾರವೇ ಆಗಿರಲಿಲ್ಲ ಎಂದು ಹೇಳುತ್ತಿದ್ದುದು ಬಾಗಿಲ ಈಚೆಗೆ ಕೇಳಿಸುತ್ತಿತ್ತು. ಮರುದಿನವೇ ತಾಯಿ ಮಗ ಮಿರಜಿಗೆ ಹೋದರು.

ಆಪರೇಶನ್ ಆಯಿತು. ಆಮೇಲೆ ತಿಂಗಳುಗಟ್ಟಲೆ ಸಲೈನಿನಲ್ಲಿ ಔಷಧಿ. ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಒಂದು ಹಂತದಲ್ಲಿ ಅಂಬಲಿ ಬಿಟ್ಟರೆ ಏನೂ ಇಳಿಯುತ್ತಿರಲಿಲ್ಲವಂತೆ. ಅದೆಲ್ಲ ಮುಗಿದು ತಪಾಸಣೆಯ ಸ್ಕ್ಯಾನಿಗೆ ನಮ್ಮಲ್ಲಿಗೆ ಬಂದಾಗ ತಲೆಗೆ ನೀಲಿ ಬಟ್ಟೆ ಸುತ್ತಿದ್ದರು, ಅರ್ಧ ಮೈಯಾಗಿದ್ದರು. ಆದರೆ ದನಿ ಮೊದಲಿನದೇ. ಕೌಂಟರಿಗೆ ಬಂದು ಹೆಸರನ್ನೂ ಹೇಳದೆ ಹತ್ತು ಅಂಕಿಗಳನ್ನು ಒಂದೊಂದಾಗಿ ಹೇಳಿದರು. ನಾನು ಹೊಡೆದು, ತಿರುಗಿ ಓದಿ ಹೇಳಿದೆ. ಸರಿ ಎಂದರು. ಅವತ್ತಿನಿಂದ ನಾನು ಅವರನ್ನು ಮಾವಶಿ ಎಂದೆ, ಬರ್ರಿ ಹೋಗ್ರಿ ಎಂದೆ.

ಮೊಬೈಲಿನಲ್ಲಿ ತಮ್ಮ ಚಿತ್ರಗಳನ್ನು ತಾವೇ ತೆರೆಯಲು ಕಲಿಸು ಎಂದರು. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಮೂರು ದಿನ ಕಲಿಸಿದೆ. ಅವರು ರಾತ್ರಿಶಾಲೆಯಲ್ಲಿ ಕನ್ನಡ ಕಲಿತವರು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ಹಾಗಾಗಿ ತಮ್ಮ ಹೆಸರು ಇಂಗ್ಲಿಷಿನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಚಿತ್ರದ ಹಾಗೆ ಗುರುತಿಟ್ಟುಕೊಂಡರು. ಓಟಿಪಿಯ ಅಂಕಿಗಳನ್ನು ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಇನ್ನೊಮ್ಮೆ ಓದಿ ಒತ್ತುತ್ತಿದ್ದರು. ಕ್ರಮ ತಪ್ಪುತ್ತಿರಲಿಲ್ಲ: ಮೊದಲು ಹೆಸರು, ಆಮೇಲೆ ತಾರೀಖು, ಆಮೇಲೆ ಎಡವೋ ಬಲವೋ, ಕೊನೆಗೆ ಚಿತ್ರ. ಎರಡು ಬೆರಳಿನಿಂದ ದೊಡ್ಡದು ಮಾಡಲು ಬಾರದ್ದಕ್ಕೆ, ಅಷ್ಟರಲ್ಲಿ ಮಗನ ಮದುವೆಯಾಗಿ ಮನೆಗೆ ಬಂದಿದ್ದ ಸೊಸೆಯನ್ನು ಕರೆಯುತ್ತಿದ್ದರು.

ಅರ್ಥವಾಗದ ಚಿತ್ರ ನೋಡಿ ಏನು ಮಾಡುತ್ತೀರಿ ಮಾವಶಿ ಎಂದು ಒಮ್ಮೆ ಕೇಳಿದೆ.

"ನಿನಗ ನಿಮ್ಮ ಹೊಲ ಗೊತ್ತೈತಿಲ್ಲ? ಹಂಗ ಇದು ನಂದು. ಒಳಗ ಏನ ನಡದೈತಿ ನನಗ ಗೊತ್ತಿರಬೇಕು" ಎಂದರು.

ಆಮೇಲೆ ಅವರು ಬೇರೆಯವರನ್ನು ಕರೆತರಲು ಶುರುಮಾಡಿದರು. ಯಾರೂ ಹೇಳಿದ್ದಲ್ಲ, ಅದರಿಂದ ಅವರಿಗೆ ಏನೂ ಬರುತ್ತಿರಲಿಲ್ಲ. ಕಳೆ ತೆಗೆಯುವ ಸಾಲಿನಲ್ಲಿ ಪಕ್ಕದವಳು ಹೊಟ್ಟೆ ಹಿಡಿದುಕೊಂಡು ಕೂತರೆ, ಯಾರೋ ಎದೆಯಲ್ಲಿ ಗಂಟಿದೆ ಎಂದು ನಾಚುತ್ತಾ ಹೇಳಿದರೆ, ಮೊದಲು ಊರ ಡಾಕ್ಟರಿಗೆ ತೋರಿಸಿ, ಚೀಟಿ ಬರೆಸಿಕೊಂಡು ನಮ್ಮಲ್ಲಿಗೆ ಕರೆತರುತ್ತಿದ್ದರು. ಭೋಜದವರು, ಬೇಡಕಿಹಾಳದವರು, ಸೊಸೆಯ ತವರಾದ ಕಾಗವಾಡದ ಕಡೆಯವರು. ಕೌಂಟರಿನ ಮುಂದೆ ಹೆಂಗಸು ತಡವರಿಸಿ ಹಿಂದೆ ನಿಂತ ಗಂಡನನ್ನೋ ಮಾವನನ್ನೋ ನೋಡಿದರೆ ಮಾವಶಿ ಅವಳ ಮೊಣಕೈ ಮುಟ್ಟಿ, "ನಿನ್ನ ನಂಬರ ನೀ ಹೇಳ" ಎನ್ನುತ್ತಿದ್ದರು. ಮೊಬೈಲು ಇಲ್ಲದವಳಿದ್ದರೆ, ಕಾಗದದ ರಿಪೋರ್ಟು ಅವಳ ಕೈಗೇ ಕೊಡಲು ನನಗೆ ಹೇಳಿ, ಅದನ್ನು ಒಯ್ಯಲು ಅವಳ ಜೊತೆ ತಾವೂ ಬರುತ್ತಿದ್ದರು. ಅವರಿವರ ರಿಪೋರ್ಟನ್ನು ತಾವು ಎಂದೂ ತೆರೆಯಲಿಲ್ಲ. ಊರಿನಲ್ಲಿ ಯಾರಿಗೆ ಏನಾಗಿದೆ ಎಂದು ಅವರ ಬಾಯಿಂದ ಕೇಳಿದವರಿಲ್ಲ.

ಒಂದು ಸಲ ಇದು ತಿರುಗಿಯೂ ಬಿದ್ದಿತು. ಬೇಡಕಿಹಾಳದ ಒಬ್ಬ ಹುಡುಗಿ, ಮದುವೆಯಾಗಿ ವರ್ಷವಾಗಿತ್ತು, ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಂಡು ಬಸ್ಸು ಹತ್ತಿದ್ದಳು. ದಾರಿಯಲ್ಲೇ ಮೆಸೇಜು ಬಂತು. ಬಿ.ಎ. ಓದಿದವಳು, ರಿಪೋರ್ಟಿನ ಒಂದು ಶಬ್ದವನ್ನು ಮೊಬೈಲಿನಲ್ಲಿ ಹುಡುಕಿದಳು. ಅದು ಎಲ್ಲಿಂದ ಎಲ್ಲಿಗೋ ಕರೆದೊಯ್ದಿತು. ಬಸ್ಸಿನಲ್ಲೇ ಅಳಲು ಶುರುಮಾಡಿ ಮಾವಶಿಗೆ ಫೋನು ಮಾಡಿದಳು. ಮಾವಶಿ ಹೊಲದಿಂದ ಹಾಗೇ ಹೊರಟು, ಅವಳನ್ನು ನಡುದಾರಿಯಲ್ಲಿ ಇಳಿಸಿಕೊಂಡು, ಅದೇ ಮಧ್ಯಾಹ್ನ ಕೈಕಾಲಿಗೆ ಮಣ್ಣಿದ್ದ ಹಾಗೇ ತಿರುಗಿ ನಮ್ಮಲ್ಲಿಗೆ ಬಂದರು. ಡಾಕ್ಟರಬಾಯಿ ನೋಡಿ, ಇದು ನೀರು ತುಂಬಿದ ಸಣ್ಣ ಗುಳ್ಳೆ, ತಾನಾಗಿಯೇ ಹೋಗುತ್ತದೆ, ಎರಡು ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ ಎಂದರು. ಹುಡುಗಿ ನಾಚಿಕೊಂಡು ನಕ್ಕಳು. ಮಾವಶಿ ನಗಲಿಲ್ಲ. ತಾವು ಕಲಿಸಿದ್ದು ಅರ್ಧವನ್ನೇ ಎಂದು ಅವರಿಗೆ ಅನ್ನಿಸಿತ್ತು. ಅಂದಿನಿಂದ ಕರೆತಂದವರಿಗೆಲ್ಲ ಇನ್ನೊಂದು ಮಾತು ಸೇರಿಸಿ ಹೇಳುತ್ತಿದ್ದರು. "ಫೋಟೋ ಎಷ್ಟ ಸಲ ಬೇಕಾದ್ರೂ ನೋಡ್ರಿ. ಅದರ ಅರ್ಥ ಮಾತ್ರ ಡಾಕ್ಟರ ಕಡೆನ ಕೇಳ್ರಿ."

ರಾಯಬಾಗದ ಕಡೆಯ ಒಬ್ಬ ಗಂಡಸು ಒಮ್ಮೆ ಕೌಂಟರಿಗೆ ಬಂದು ಜಗಳ ತೆಗೆದ. ಹೆಂಡತಿಯ ರಿಪೋರ್ಟಿನ ಮೆಸೇಜು ತನಗೆ ಬರಲಿಲ್ಲ, ಅವಳ ನಂಬರು ಹಾಕಲು ನೀನು ಯಾರು ಎಂದು ನನ್ನನ್ನು ಕೇಳಿದ. ಸೆಂಟರಿನ ಮಾಲೀಕರೂ ಹೊರಗೆ ಬಂದರು, ಗಿರಾಕಿ ಹೋದಾನೆಂಬ ಚಿಂತೆ ಅವರಿಗೆ. ಮಾವಶಿ ಬೆಂಚಿನ ಮೇಲೆ ಯಾರಿಗೋ ಕಾಯುತ್ತಾ ಕೂತಿದ್ದರು. ಕೂತಲ್ಲಿಂದಲೇ ಅವನನ್ನು ಕೇಳಿದರು, ಅಣ್ಣಾ, ನಿಮ್ಮ ಎಕ್ಸ್‌ರೇ ತೆಗೆಸಿದರೆ ಯಾರ ನಂಬರು ಕೊಡುತ್ತೀರಿ ಎಂದು. ನನ್ನದೇ, ಮತ್ತಾರದು ಎಂದ. ಅವನು ಸ್ವಲ್ಪ ಹೊತ್ತು ನಿಂತು, ಹೆಂಡತಿಗೆ ಫೋನು ಮಾಡಿ, ಮೆಸೇಜು ಬಂದಿದೆಯೇ ಎಂದು ಕೇಳುತ್ತಾ ಹೊರಗೆ ಹೋದ. ಆ ವಾರ ಮಾಲೀಕರು ಫಾರ್ಮಿನಲ್ಲಿ ಒಂದು ಸಾಲು ಸೇರಿಸಲು ಒಪ್ಪಿದರು: ರಿಪೋರ್ಟು ಯಾರ ನಂಬರಿಗೆ ಹೋಗಬೇಕು ಎಂಬುದನ್ನು ಪೇಶಂಟೇ ಹೇಳಬೇಕು. ನಾನು ಎಷ್ಟು ಸಲ ಕೇಳಿದ್ದರೂ ಅದಕ್ಕೆ ಮುಂಚೆ ಅವರು ಕಿವಿಗೆ ಹಾಕಿಕೊಂಡಿರಲಿಲ್ಲ.

ಐದನೆಯ ವರ್ಷ ರೋಗ ಮರಳಿತು. ಈ ಸಲ ಪಿತ್ತಜನಕಾಂಗದಲ್ಲಿ. ಸಿಟಿ ಸ್ಕ್ಯಾನಿನ ಮೆಸೇಜು ಅವರ ಮೊಬೈಲಿಗೇ ಹೋಯಿತು. ಅವರು ಚಿತ್ರ ನೋಡಿದರು, ಮರುದಿನ ಮಿರಜಿಗೆ ಹೋಗಿ ಅರ್ಥ ಕೇಳಿಕೊಂಡರು, ಬಂದು ಮಗನನ್ನೂ ಸೊಸೆಯನ್ನೂ ಎದುರು ಕೂರಿಸಿಕೊಂಡು ತಾವೇ ಹೇಳಿದರು. ಔಷಧಿಯ ಒಂದು ಸುತ್ತು ತಗೊಂಡರು. ಎರಡನೆಯದು ಬೇಡವೆಂದರು. ಡಾಕ್ಟರು ಅದರಿಂದ ಎಷ್ಟು ದಿನ ಸಿಗಬಹುದು, ಆ ದಿನಗಳು ಹೇಗಿರಬಹುದು ಎಂದು ಹೇಳಿದ್ದರು. ಕೇಳಿಸಿಕೊಂಡು, ಯೋಚಿಸಿ, ಬೇಡವೆಂದಿದ್ದರು. ಮಗ ಎದುರು ಮಾತಾಡಲಿಲ್ಲ. ಟ್ರ್ಯಾಕ್ಟರ್ ಬಿಟ್ಟು ಊರಲ್ಲೇ ಕೆಲಸ ಹುಡುಕಿಕೊಂಡ.

ಚಳಿಗಾಲದ ಒಂದು ಬೆಳಿಗ್ಗೆ ನಾನು ಭೋಜಕ್ಕೆ ಹೋದೆ. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೋ. ಮಾವಶಿ ಅಂಗಳದ ಬಿಸಿಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಣ್ಣು ಹಳದಿಯಾಗಿತ್ತು. ಸೊಸೆ ಚಹಾ ಕೊಟ್ಟು ಒಳಗೆ ಹೋದಳು. ಐದು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ನಾನು ಅವತ್ತು ಹೇಳಿದೆ. ಅವತ್ತು ನಿಮ್ಮ ನಂಬರು ಕೇಳಿಸಿಕೊಂಡಿದ್ದರೆ ನಾಲ್ಕು ತಿಂಗಳು ಮೊದಲೇ ಉಪಚಾರ ಆಗುತ್ತಿತ್ತು, ಇದು ಮರಳಿ ಬರುತ್ತಿರಲಿಲ್ಲವೇನೋ, ನನ್ನಿಂದ ಹೀಗಾಯಿತು ಎಂದೆ. ಹೇಳುತ್ತಾ ಅತ್ತೆ.

ಮಾವಶಿ ನನ್ನ ಕೈಯಲ್ಲಿದ್ದ ಚಹಾದ ಬಟ್ಟಲನ್ನು ತೆಗೆದು ಕೆಳಗಿಟ್ಟರು.

"ಆ ನಾಕ ತಿಂಗಳ ನಾ ಭಾಳ ಚಲೋ ಇದ್ನಿ ಪೋರಿ. ಖರೇ ಹೇಳ್ತೀನಿ. ಮಗನ ಮದಿವಿ ಮಾತು ಆತು, ಪಡಸಾಲಿಗೆ ಸುಣ್ಣಾ ಹಚ್ಚಿದ್ನಿ, ರಾತ್ರಿ ನಿದ್ದಿ ಬರತಿತ್ತು. ಗೊತ್ತಾದ ಮ್ಯಾಲೆ ಅಂಥಾ ನಿದ್ದಿ ಬರಲಿಲ್ಲ."

ನಾನು ತಲೆಯೆತ್ತಿ ನೋಡಿದೆ.

"ಆದ್ರೂ ನನಗ ಹೇಳಬೇಕಿತ್ತು" ಎಂದರು. "ಚಲೋ ಇದ್ನಿ ಅಂತ ನಾ ಹೇಳಬಹುದು. ನೀನೂ ಹೇಳಾಂಗಿಲ್ಲ, ನನ್ನ ಮಗಾನೂ ಹೇಳಾಂಗಿಲ್ಲ."

ಇದನ್ನು ಕ್ಷಮೆ ಎನ್ನಬೇಕೋ ಏನೋ ನನಗೆ ಗೊತ್ತಾಗಲಿಲ್ಲ. ನನ್ನ ತಪ್ಪನ್ನು ಅವರು ದೊಡ್ಡದೂ ಮಾಡಲಿಲ್ಲ, ಅಳಿಸಿಯೂ ಹಾಕಲಿಲ್ಲ, ಇದ್ದಷ್ಟೇ ಇಟ್ಟು ನನ್ನ ಕೈಗೆ ಕೊಟ್ಟರು. ಮನೆಗೆ ಬರುವಾಗ ಮನಸ್ಸು ಹಗುರವಾಗಿರಲಿಲ್ಲ, ಆದರೆ ನೆಟ್ಟಗಿತ್ತು. ಈಗಲೂ ಕೌಂಟರಿನಲ್ಲಿ ದಿನಕ್ಕೆ ಅರವತ್ತು ಎಪ್ಪತ್ತು ಜನರನ್ನು ಕೇಳುವಾಗ ನಾನು ಆತುರಪಡುವುದಿಲ್ಲ. ಮುದುಕಿಯೊಬ್ಬಳು ಹತ್ತು ಅಂಕಿ ನೆನಪಿಸಿಕೊಳ್ಳಲು ಐದು ನಿಮಿಷ ತಗೊಂಡರೆ ಸಾಲಿನಲ್ಲಿದ್ದವರೆಲ್ಲ ಐದು ನಿಮಿಷ ಕಾಯುತ್ತಾರೆ.

ಮಾವಶಿ ಬೇಸಿಗೆ ಬರುವ ಮೊದಲೇ ತೀರಿಕೊಂಡರು, ತಮ್ಮ ಮನೆಯಲ್ಲಿ, ಹಗಲು ಹೊತ್ತಿನಲ್ಲಿ, ಮಗ ಪಕ್ಕದಲ್ಲಿದ್ದಾಗ. ಮಣ್ಣಿಗೆ ನನಗೆ ಹೋಗಲಾಗಲಿಲ್ಲ. ಕೆಲವು ದಿನಗಳ ಮೇಲೆ ಮನೆಯವರು ಅವರ ನೆನಪಿಗೆ ಬುದ್ಧವಂದನೆ ಇಟ್ಟುಕೊಂಡಿದ್ದಾಗ ಹೋದೆ. ಅಂಗಳ ತುಂಬಿತ್ತು. ಎಲ್ಲಾ ಹೆಂಗಸರೇ. ಎಷ್ಟೋ ಮುಖಗಳು ನನಗೆ ಗುರುತಿದ್ದವು, ಕೌಂಟರಿನ ಆಚೆ ಕಂಡ ಮುಖಗಳು. ಕೆಲವರು ಗುಣವಾದವರು, ಕೆಲವರು ಇನ್ನೂ ಉಪಚಾರದಲ್ಲಿದ್ದವರು, ಹೆಚ್ಚಿನವರು ಏನೂ ಇಲ್ಲವೆಂದು ತಿಳಿದು ನಿಶ್ಚಿಂತೆಯಿಂದ ಮನೆಗೆ ಹೋದವರು.

ನನ್ನ ಪಕ್ಕದಲ್ಲಿ ಕೂತಿದ್ದಾಕೆಯನ್ನು ನಾನು ಕಂಡಿರಲಿಲ್ಲ. ಅಥಣಿಯ ಕಡೆಯಿಂದ ಬಂದವಳಂತೆ. ಮಾವಶಿ ಅವಳನ್ನು ಕರೆತರುವುದಾಗಿ ಮಾತು ಕೊಟ್ಟಿದ್ದರು, ಅಷ್ಟರಲ್ಲಿ ಹಾಸಿಗೆ ಹಿಡಿದರು. ಒಬ್ಬಳೇ ಹೋಗಲು ಧೈರ್ಯ ಸಾಲದೆ ಸ್ಕ್ಯಾನಿನ ಚೀಟಿಯನ್ನು ಇನ್ನೂ ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು. ನಾನು ಎಲ್ಲಿಯವಳೆಂದು ಕೇಳಿದಳು. ಚಿಕ್ಕೋಡಿ, ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನವಳು ಎಂದೆ. ಆಕೆ ನನ್ನ ಕೈ ಹಿಡಿದುಕೊಂಡಳು.

"ನೀವ ಏನ್ರಿ ಅವ್ರು? ನನಗ ಹೇಳಿದ್ರು ಮಾವಶಿ. ನಾ ಇರಲಿಲ್ಲಂದ್ರೂ ಹೋಗು, ಅಂಜಬ್ಯಾಡ, ಅಲ್ಲೆ ನಮ್ಮ ಪೋರಿ ಅದಾಳ ಅಂತ."